ಮನಸ್ಸಾಕ್ಷಿಯನ್ನು ನಂಬಬೇಡಿ ಎನ್ನುವ ಆಡಿಯೋ ಕೋರ್ಸ್: ಐದಕ್ಕೆ ಮೂರು ಸ್ಟಾರ್

ಫೋನಿನಲ್ಲಿ ಕೇಳುವ ಪಾಠಗಳು, ಜೊತೆಗೆ ಬರೆಯಲು ಒಂದು ಅಭ್ಯಾಸ ಪುಸ್ತಕ. ವಿಷಯ, ದೇವರ ನಡೆಸುವಿಕೆಯನ್ನು ಅನುಸರಿಸುವುದು ಹೇಗೆ ಅಂತ. ನನ್ನ ತಕರಾರು ಸ್ವಲ್ಪ ಜಾಸ್ತಿ ಇದೆ, ಹಾಗಾಗಿ ಕಲಿಸುವ ಪಾಸ್ಟರ್ ಹೆಸರು ಬರೆಯುವುದಿಲ್ಲ.

ಮೊದಲರ್ಧ ನಿಜಕ್ಕೂ ಚೆನ್ನಾಗಿದೆ. ನಾನು ಲೆಕ್ಕ ತಪಾಸಣೆ ಮಾಡುವವಳು. ಬಿಲ್ಲಿನ ತಾರೀಖು ತಿದ್ದಿದವರೆಲ್ಲ ಹೇಳುವುದು ಒಂದೇ ಮಾತು, 'ನನ್ನ ಮನಸ್ಸಿಗೇನೂ ಚುಚ್ಚುತ್ತಿಲ್ಲ ಮೇಡಂ'. ಇಂಥವರಿಗೆ ಈ ಪಾಠಗಳನ್ನು ಕೇಳಿಸಬೇಕು. ಯೇಸುವಿನ ಹೆಸರಿಗೆ ವಿರುದ್ಧವಾಗಿ ನಡೆಯಲೇಬೇಕು ಅಂತ ತಾನು ಅಂದುಕೊಂಡಿದ್ದೆ ಎಂದು, ಆಮೇಲೆ ಅಪೊಸ್ತಲನಾದ ಪೌಲನೇ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 26:9). ವಿಶ್ವಾಸಿಗಳನ್ನು ಸೆರೆಮನೆಗೆ ಹಾಕಿಸುವಾಗ ಅವನಿಗೆ ಏನೂ ಚುಚ್ಚಲಿಲ್ಲ. ಮುಂದೆ ಕೊರಿಂಥದವರಿಗೆ ಬರೆಯುವಾಗ, ನನ್ನಲ್ಲಿ ದೋಷ ಇದೆ ಅಂತ ನನಗೆ ಅನಿಸುತ್ತಿಲ್ಲ, ಆದರೆ ಅಷ್ಟರಿಂದಲೇ ನಾನು ನಿರ್ದೋಷಿ ಅಂತ ಆಗುವುದಿಲ್ಲ ಅನ್ನುತ್ತಾನೆ. ಪಾಸ್ಟರ್ ಇದನ್ನು ಬಿಡಿಸಿ ಹೇಳುವ ರೀತಿ ಸೊಗಸು. ಯೊಪ್ಪ ಊರಿನ ಒಂದು ಮಾಳಿಗೆಯ ಮೇಲೆ, ಅಶುದ್ಧ ಅಂತ ಬಿಟ್ಟಿದ್ದ ಪ್ರಾಣಿಗಳನ್ನು ತಿನ್ನು ಎಂಬ ಮಾತು ದರ್ಶನದಲ್ಲಿ ಕೇಳಿದಾಗ ಯೇಸುವಿನ ಶಿಷ್ಯ ಪೇತ್ರ 'ಬೇಡ ಕರ್ತನೇ' ಅಂದ ಪ್ರಸಂಗವೂ ಬರುತ್ತದೆ. ಅವನನ್ನು ತಡೆದದ್ದು ಒಳ್ಳೆಯ ಮನಸ್ಸಾಕ್ಷಿಯೇ, ಆದರೆ ದೇವರು ಅದನ್ನು ದಾಟಿ ಮುಂದೆ ಹೋಗಿದ್ದರು.

ಸರಿ, ಹಾಗಾದರೆ ದೇವರ ನಡೆಸುವಿಕೆ ತಿಳಿಯುವುದು ಹೇಗೆ? ಕೋರ್ಸ್ ಎಡವುವುದು ಇಲ್ಲೇ. ಪ್ರಾರ್ಥಿಸಿ, ಸುಮ್ಮನೆ ಕೂತುಕೊಳ್ಳಿ, ಒಳಗೆ ಸಮಾಧಾನ ಬಂದರೆ ಮುಂದುವರಿಯಿರಿ, ಬರದಿದ್ದರೆ ನಿಲ್ಲಿ. ಪಾಠದ ಮೇಲೆ ಪಾಠ ಇದೇ. ಇದು ಅದೇ ಮನಸ್ಸಾಕ್ಷಿ ಅಲ್ವಾ? ಬಾಗಿಲಲ್ಲಿ ಹೊರಗೆ ಹಾಕಿ ಕಿಟಕಿಯಲ್ಲಿ ಒಳಗೆ ಬಿಟ್ಟ ಹಾಗಾಯಿತು. ಬಿಲ್ ತಿದ್ದಿದವರಿಗೂ ಸಮಾಧಾನ ಇತ್ತು. ದೇವರ ಮಾತಿಗೆ ಬೆನ್ನು ಹಾಕಿ ಓಡಿದ ಪ್ರವಾದಿ ಯೋನನಿಗೆ (ಅದೇ ಯೊಪ್ಪದಿಂದಲೇ!) ಹಡಗೂ ಸಿಕ್ಕಿತು, ಬಿರುಗಾಳಿಯಲ್ಲಿ ಗಾಢ ನಿದ್ದೆಯೂ ಬಂತು. ಆದರೆ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ತಂದೆಯ ಚಿತ್ತಕ್ಕೆ ಒಪ್ಪಿಕೊಂಡ ಯೇಸುವಿನ ಬೆವರು ರಕ್ತದ ಹನಿಗಳಂತೆ ಬಿತ್ತು. ಈ ಎರಡು ಪ್ರಸಂಗಗಳ ಹತ್ತಿರವೂ ಪಾಸ್ಟರ್ ಸುಳಿಯುವುದಿಲ್ಲ. ಆತ್ಮಗಳನ್ನು ಪರೀಕ್ಷಿಸಿರಿ ಅನ್ನುವ ಯೋಹಾನನ ಮಾತಿಗೆ ಅಭ್ಯಾಸ ಪುಸ್ತಕದಲ್ಲಿ ಒಂದೇ ಸಾಲು. ಪೌಲನ ಬೋಧನೆಯನ್ನೂ ದಿನದಿನ ಶಾಸ್ತ್ರಗಳಿಗೆ ಹೋಲಿಸಿ ನೋಡಿದ ಬೆರೋಯದವರು ಬರುವುದೇ ಇಲ್ಲ. 'ಕರ್ತನು ನನಗೆ ಹೇಳಿದನು' ಅಂತ ಯಾರಾದರೂ ಅಂದರೆ ತಿರುಗಿ ಏನು ಕೇಳಬೇಕು ಅನ್ನುವುದು ನನಗೆ ಬೇಕಿತ್ತು.

ಇನ್ನೊಂದು ಕೊರತೆ ನನಗೆ ಹೆಚ್ಚು ಗಂಭೀರ ಅನಿಸಿತು. ಮನಸ್ಸಾಕ್ಷಿ ಅಡ್ಡ ಬಂದರೆ ಬಾಯಿ ಮುಚ್ಚಿಸಿ ಅನ್ನುತ್ತಾರೆ. ಪೌಲ ಹಾಗೆ ಹೇಳಲಿಲ್ಲ. ಸಂಶಯಪಡುತ್ತಾ ಉಂಡರೆ ಅದು ಪಾಪ ಅಂದ, ಊಟದಲ್ಲಿ ತಪ್ಪಿಲ್ಲದಿದ್ದರೂ (ರೋಮಾಪುರದವರಿಗೆ 14:23). 1521ರಲ್ಲಿ ಜರ್ಮನಿಯ ವರ್ಮ್ಸ್ ಸಭೆಯ ಮುಂದೆ ನಿಂತ ಸಭಾ ಸುಧಾರಕ ಲೂಥರ್ ಕೂಡ ಮನಸ್ಸಾಕ್ಷಿ, ದೇವರ ವಾಕ್ಯ ಎರಡನ್ನೂ ಜೊತೆಯಲ್ಲೇ ಹಿಡಿದಿದ್ದ. ತನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆ, ಅದಕ್ಕೆ ವಿರುದ್ಧ ನಡೆಯಲಾರೆ ಅಂದ.

ಆಡಿಯೋ ಸ್ಪಷ್ಟವಾಗಿದೆ, ಹಿನ್ನೆಲೆ ಸಂಗೀತ ಕಿರಿಕಿರಿ. ಹೊಸ ವಿಶ್ವಾಸಿ ಒಬ್ಬರೇ ಕೂತು ಕೇಳುವುದು ಬೇಡ. ಮೂರ್ನಾಲ್ಕು ಜನ ಸೇರಿ ಕೇಳಿ, ಎರಡನೆಯ ಅರ್ಧ ಶುರು ಮಾಡುವ ಮೊದಲು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಪೂರ್ತಿ ಓದಿಕೊಳ್ಳಿ.