ಆರು ವರ್ಷದ ಚಂದಾ, ಐದು ತಲೆಮಾರಿನ ಕಸುಬು: ಇಂಗ್ಲೆಂಡಿನ ವಂಶಾವಳಿ ಸೈಟ್ ಬಳಸಿದ ಅನುಭವ

2018ರ ಚಳಿಗಾಲ. ಮಗಳಿಗೆ ಶಾಲೆಯಲ್ಲಿ ಒಂದು ಹೋಮ್‌ವರ್ಕ್ ಕೊಟ್ಟಿದ್ದರು: ನಿಮ್ಮ ಹಿರಿಯರು ಏನು ಕೆಲಸ ಮಾಡುತ್ತಿದ್ದರು, ಬರೆದುಕೊಂಡು ಬನ್ನಿ. ನನ್ನ ಕಡೆಯದು ಐದು ನಿಮಿಷದಲ್ಲಿ ಮುಗಿಯಿತು. ಗುಳೇದಗುಡ್ಡಕ್ಕೆ ಫೋನ್ ಮಾಡಿದರೆ ಅಪ್ಪ ಏಳು ತಲೆಮಾರಿನ ಹೆಸರು ಹೇಳಿದರು. ಎಲ್ಲರೂ ಮಗ್ಗದವರೇ. ಗಂಡನ ಕಡೆಯವರು ಲ್ಯಾಂಕಾಶೈರ್‌ನ ಬರ್ನ್ಲಿ ಊರಿನವರು. ಅವರನ್ನು ಕೇಳಿದರೆ, "ಮಿಲ್ಲಿನಲ್ಲಿ ಇದ್ದರು ಅನ್ಸುತ್ತೆ. ಒಬ್ಬರು ಟೈಲರ್." ಅಷ್ಟೇ.

ಅವತ್ತು ರಾತ್ರಿಯೇ ಇಲ್ಲಿನ ದೊಡ್ಡ ವಂಶಾವಳಿ ಸೈಟೊಂದಕ್ಕೆ ಚಂದಾ ಕಟ್ಟಿದೆ. ಹೆಸರು ಹೇಳುವುದಿಲ್ಲ, ಬಯ್ಯೋದೂ ಇದೆ. ಎರಡು ವಾರ ಫ್ರೀ, ಆಮೇಲೆ ವರ್ಷಕ್ಕೆ ನೂರು ಪೌಂಡಿಗಿಂತ ಜಾಸ್ತಿ. ಹೋಮ್‌ವರ್ಕ್ ಮುಗಿದು ಆರು ವರ್ಷವಾಯಿತು. ಚಂದಾ ಮಾತ್ರ ಇನ್ನೂ ನಡೆದಿದೆ.

ಇಂಗ್ಲೆಂಡಿನವರನ್ನು ಮದುವೆಯಾದ ಕನ್ನಡದವರು, ಇಲ್ಲಿ ಹುಟ್ಟಿದ ಮಕ್ಕಳಿಗೆ ಎರಡೂ ಕಡೆಯ ಕಥೆ ಹೇಳಬೇಕೆನ್ನುವವರು ಆಗಾಗ ಕೇಳುತ್ತಾರೆ, ದುಡ್ಡು ಹಾಕಬಹುದಾ ಅಂತ. ಒಂದು ವರ್ಷಕ್ಕೆ ಹಾಕಿ. ಆದರೆ ಅವರು ಜಾಹೀರಾತಿನಲ್ಲಿ ತೋರಿಸುವ ವಂಶವೃಕ್ಷಕ್ಕಾಗಿ ಅಲ್ಲ, ಜನಗಣತಿಯ ಹಾಳೆಗಳಲ್ಲಿರುವ ಒಂದೇ ಒಂದು ಕಾಲಂಗಾಗಿ. ಕಸುಬಿನ ಕಾಲಂ.

ಯಾಕೆ ಅಂದರೆ, ಹೆಸರಿನಿಂದ ಹುಡುಕುವುದು ಇಲ್ಲಿ ದಂಡ. ನಮ್ಮವರ ಅಡ್ಡಹೆಸರು ಬರ್ನ್ಲಿಯಲ್ಲಿ ಬೀದಿಗೆ ನಾಲ್ಕು ಮನೆಗಿದೆ. ಮೊದಲ ಹೆಸರೂ ಜಾನ್, ಜೇಮ್ಸ್, ವಿಲಿಯಂ, ಥಾಮಸ್ ದಾಟುವುದಿಲ್ಲ. ಗಂಡಸು ಯಾರು ಅಂತ ಗೊತ್ತಾಗುವುದು ಅವನ ಕೈ ಮಾಡುತ್ತಿದ್ದ ಕೆಲಸದಿಂದ. ಇದು ನನಗೆ ತಿಳಿಯಲು ಎಂಟು ತಿಂಗಳು ಹಾಳಾಯಿತು.

ಸೈಟಿನಲ್ಲಿ ಒಂದು ಹೆಸರು ಹಾಕಿದ ಕೂಡಲೇ "ಇವರು ನಿಮ್ಮವರಿರಬಹುದು" ಅಂತ ಸೂಚನೆಗಳು ಬರತೊಡಗುತ್ತವೆ. ಒಪ್ಪಿ ಅಂತ ಬಟನ್ ಒತ್ತಿದರೆ ಒಂದು ತಲೆಮಾರು ಮೇಲಕ್ಕೆ. ಮತ್ತೆ ಒತ್ತು, ಇನ್ನೊಂದು. ಕಡಲೆಕಾಯಿ ತಿಂದ ಹಾಗೆ, ಕೈ ನಿಲ್ಲುವುದಿಲ್ಲ. ಅತ್ತೆಯ ಮುತ್ತಜ್ಜ ಗಣಿ ಕೆಲಸದವರು, ಕಲ್ಲಿದ್ದಲು ಕಡಿಯುವವರು ಅಂತ ಹೀಗೇ ಒತ್ತಿ ಒತ್ತಿ ತೀರ್ಮಾನವಾಯಿತು. ಬರ್ನ್ಲಿಯಲ್ಲಿ ಗಣಿಗಳಿದ್ದದ್ದು ನಿಜ. ಬ್ಯಾಂಕ್ ಹಾಲ್ ಗಣಿ ಮುಚ್ಚಿದ್ದೇ 1971ರಲ್ಲಿ. ನಾನು ಅದರ ಇತಿಹಾಸ ಓದಿದೆ, ಗಣಿ ಇದ್ದ ಜಾಗಕ್ಕೆ ಮಗಳನ್ನು ಕರೆದುಕೊಂಡು ಹೋಗಿ ಫೋಟೋನೂ ತೆಗೆಸಿದೆ.

ಆಮೇಲೆ ಯಾಕೋ ಅನುಮಾನ ಬಂತು. ಸರ್ಕಾರದ ಜನರಲ್ ರಿಜಿಸ್ಟರ್ ಆಫೀಸಿನಿಂದ ಅತ್ತೆಯ ಅಜ್ಜಿಯ ಜನನ ಪತ್ರ ತರಿಸಿದೆ. 1888ರದ್ದು, ಪಿಡಿಎಫ್‌ಗೆ ಆಗ 7 ಪೌಂಡ್. ಅದರಲ್ಲಿ ಅಪ್ಪನ ಕಸುಬು "ಪವರ್ ಲೂಮ್ ಓವರ್‌ಲುಕರ್" ಅಂತಿತ್ತು. ಗಣಿಯೂ ಇಲ್ಲ, ಕಲ್ಲಿದ್ದಲೂ ಇಲ್ಲ. ಅದೇ ಹೆಸರಿನ, ಹೆಚ್ಚುಕಮ್ಮಿ ಅದೇ ವಯಸ್ಸಿನ ಬೇರೆ ಯಾರದೋ ಮನೆತನವನ್ನು ನಾನು ಎಂಟು ತಿಂಗಳು ಪೂಜೆ ಮಾಡಿದ್ದೆ.

ಪತ್ರ ಹಿಡಿದುಕೊಂಡು ಅತ್ತೆಯ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಓವರ್‌ಲುಕರ್ ಅನ್ನೋದು ಕಾಗದದ ಮೇಲೆ, ಲವ್. ಬಾಯಲ್ಲಿ ಟ್ಯಾಕ್ಲರ್ ಅಂತಿದ್ದರು" ಅಂದರು. ಮಗ್ಗ ಕೆಟ್ಟರೆ ಸರಿ ಮಾಡುವವನು ಟ್ಯಾಕ್ಲರ್. ನೇಕಾರ ಹೆಣ್ಣುಮಕ್ಕಳ ಕೂಲಿ ಅವನ ಕೈಯಲ್ಲಿ. ಅವನು ಬೇಗ ಬರದಿದ್ದರೆ ಮಗ್ಗ ನಿಂತ ಹಾಗೆ, ಮಗ್ಗ ನಿಂತರೆ ದುಡ್ಡು ನಿಂತ ಹಾಗೆ. ಅದಕ್ಕೇ ಇರಬೇಕು, ಟ್ಯಾಕ್ಲರ್‌ಗಳು ಎಷ್ಟು ಪೆದ್ದರು ಅಂತ ಹೇಳುವ ತಮಾಷೆ ಕಥೆಗಳು ಲ್ಯಾಂಕಾಶೈರ್ ತುಂಬ ಇವೆ. ನಮ್ಮ ಗಾಂಪರ ಕಥೆಗಳಿದ್ದ ಹಾಗೆ. ಅತ್ತೆ ಅವತ್ತು ಮೂರು ಹೇಳಿದರು.

ಮನೆಗೆ ಬಂದು 1891ರ ಜನಗಣತಿ ತೆಗೆದೆ. ಸೈಟಿನವರು ಟೈಪ್ ಮಾಡಿಸಿಟ್ಟ ಪಟ್ಟಿಯಲ್ಲಿ ಆ ಮನೆಯ ಯಜಮಾನ "ಟೈಲರ್". ಮೂಲ ಹಾಳೆಯ ಚಿತ್ರ ದೊಡ್ಡದು ಮಾಡಿ ನೋಡಿದರೆ "ಟ್ಯಾಕ್ಲರ್", ಮೇಲೆ ಪೆನ್ಸಿಲಿನ ಗೀಟು. ಲೆಕ್ಕ ಹಾಕುವ ಗುಮಾಸ್ತರು ಎಣಿಸಿಕೊಳ್ಳುತ್ತ ಹೀಗೆ ಗೀಟು ಹಾಕಿದ್ದಾರೆ, ಅದೂ ಬಹಳ ಸಲ ವಯಸ್ಸು ಮತ್ತು ಕಸುಬಿನ ಮೇಲೆಯೇ. ಮನೆಯವರೆಲ್ಲ ನಂಬಿಕೊಂಡು ಬಂದ ಆ ಟೈಲರ್ ಎಲ್ಲಿಂದ ಬಂದ ಅಂತ ಆಗ ಗೊತ್ತಾಯಿತು. ಗಂಡನ ಕಸಿನ್ ಒಬ್ಬರು ಹಿಂದೆ ಇದೇ ಸೈಟಿನಿಂದ ಪ್ರಿಂಟ್ ತೆಗೆದು ಕ್ರಿಸ್‌ಮಸ್‌ಗೆ ಎಲ್ಲರಿಗೂ ಹಂಚಿದ್ದರು. ಒಂದು ಸೂಜಿಯನ್ನೂ ಹಿಡಿಯದ ಮನುಷ್ಯ ಟೈಲರ್ ಆಗಿಬಿಟ್ಟಿದ್ದ.

ತಪ್ಪನ್ನು ತಿದ್ದಲು ಸೈಟಿನಲ್ಲಿ ಜಾಗವಿದೆ. ಹೆಸರಿನ ತಪ್ಪಿಗೆ. ಕಸುಬು ತಿದ್ದಲು ಹೋದರೆ ಆ ಕಾಲಂಗೆ ಬಾಕ್ಸೇ ಇಲ್ಲ. ಮೇಲ್ ಬರೆದೆ, "ನಿಮ್ಮ ಸಲಹೆಗೆ ಧನ್ಯವಾದ" ಅಂತ ಉತ್ತರ ಬಂತು. ಅದಾಗಿ ನಾಲ್ಕು ವರ್ಷವಾಯಿತು, ಅವನಿನ್ನೂ ಟೈಲರ್.

ಈ ಜನಗಣತಿಯ ಬಗ್ಗೆ ಸ್ವಲ್ಪ ತಿಳಿದುಕೊಂಡು ಚಂದಾ ಕಟ್ಟಿದರೆ ದುಡ್ಡು ಉಳಿಯುತ್ತದೆ. ಜನನ, ಮರಣ, ಮದುವೆಯ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈಯಲ್ಲಿ. ಇಡೀ ಇಂಗ್ಲೆಂಡಿನ ಪ್ರತಿ ಮನೆಯವರ ಹೆಸರು ಸಿಗುವುದು 1841ರ ಜನಗಣತಿಯಿಂದ. ಅಲ್ಲಿಂದ ಹತ್ತು ವರ್ಷಕ್ಕೊಮ್ಮೆ. 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 43 ಆಗಿದ್ದವರು 40. ಕಸುಬೂ ಚುಟುಕು ಅಕ್ಷರದಲ್ಲಿ. ಹೊಲದ ಕೂಲಿಯವರು "ಆಗ್ ಲ್ಯಾಬ್", ಮನೆಗೆಲಸದ ಹೆಣ್ಣು "ಎಫ್.ಎಸ್." ನಮ್ಮವರ ಮುಂದೆ "ಎಚ್.ಎಲ್.ಡಬ್ಲ್ಯೂ." ಅಂತಿತ್ತು. ಹ್ಯಾಂಡ್ ಲೂಮ್ ವೀವರ್!

ನೋಡಿ ಕೂತಲ್ಲೇ ಕೂತೆ. ಕೈಮಗ್ಗದವರು. ಬರ್ನ್ಲಿ ಹೊರಗಿನ ಹಳ್ಳಿ, ಹೆಂಡತಿ ಮತ್ತು ದೊಡ್ಡ ಇಬ್ಬರು ಮಕ್ಕಳ ಮುಂದೆಯೂ ಅದೇ ಮೂರಕ್ಷರ. ನೂಲಿನ ಕಂಡಿಕೆ ಸುತ್ತುವುದು ಸಣ್ಣವರ ಪಾಲಿಗೆ ಬಂದಿರುತ್ತದೆ, ಅದನ್ನು ಯಾವ ಜನಗಣತಿಯೂ ಬರೆಯುವುದಿಲ್ಲ. ನಾನೂ ಏಳು ವರ್ಷದವಳಿದ್ದಾಗ ಸುತ್ತಿದವಳೇ.

ಆ ಹೊತ್ತಿಗೇ ಕೈಮಗ್ಗದ ಕಥೆ ಮುಗಿಯುತ್ತ ಬಂದಿತ್ತು. 1826ರ ಏಪ್ರಿಲ್‌ನಲ್ಲಿ ಪೂರ್ವ ಲ್ಯಾಂಕಾಶೈರ್‌ನ ನೇಕಾರರು ಹಸಿವು ತಾಳಲಾರದೆ ಮಿಲ್ಲುಗಳಿಗೆ ನುಗ್ಗಿ ಸಾವಿರಕ್ಕೂ ಹೆಚ್ಚು ಪವರ್ ಲೂಮ್‌ಗಳನ್ನು ಒಡೆದಿದ್ದರು. ಚಾಟರ್ಟನ್ ಎಂಬಲ್ಲಿ ಸೈನಿಕರ ಗುಂಡಿಗೆ ಆರು ಜನ ಸತ್ತರು. ಆಗ ನಮ್ಮವನಿಗೆ 28 ವರ್ಷ. ಅಲ್ಲಿದ್ದನೋ ಇಲ್ಲವೋ, ದಾಖಲೆ ಹೇಳುವುದಿಲ್ಲ. ದಾಖಲೆ ಹೇಳುವುದು ಇಷ್ಟು: 1851ರಲ್ಲಿ ಮಗ ಪವರ್ ಲೂಮ್ ನೇಕಾರ. 1861ರಲ್ಲಿ ಅಪ್ಪನ ಮುಂದೆ "ಪಾಪರ್, ಹಿಂದೆ ಕೈಮಗ್ಗದ ನೇಕಾರ". ಪಾಪರ್ ಅಂದರೆ ಊರಿನ ಬಡವರ ನಿಧಿಯಿಂದ ಹೊಟ್ಟೆ ಹೊರೆಯುವವನು. ಆ "ಹಿಂದೆ" ಅನ್ನುವ ಪದವನ್ನು ಬರೆಸಿದವನು ಅವನೇ ಇರಬೇಕು ಅಂತ ನನಗನಿಸುತ್ತದೆ. ಇಂಥವರ ಹಿಂದಿನ ಕಸುಬನ್ನೂ ಬರೆಯಿರಿ ಅಂತ ಜನಗಣತಿಯ ಸೂಚನೆಯೇನೋ ಇತ್ತು.

1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಲ್ಯಾಂಕಾಶೈರ್ ಉಪವಾಸ ಬಿತ್ತು. ಮಿಲ್ಲು ಬಿಟ್ಟವರು ಸರ್ಕಾರದ ಕಾಮಗಾರಿಯಲ್ಲಿ ರಸ್ತೆ, ಚರಂಡಿ ಮಾಡಿದರು. ಆಗ ಇಂಡಿಯಾದಿಂದ ಬಂದ ಹತ್ತಿಗೆಲ್ಲ ಇಲ್ಲಿನವರು ಇಟ್ಟ ಹೆಸರು "ಸೂರತ್". ಎಳೆ ಗಿಡ್ಡ, ಮಾತುಮಾತಿಗೆ ಕಡಿಯುತ್ತದೆ ಅಂತ ನೇಕಾರರು ಶಾಪ ಹಾಕುತ್ತಿದ್ದರು. ಅದರಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಆ ಹತ್ತಿ ಬೇಗ ಸಾಗಲಿ ಅಂತಲೇ ಕಾರವಾರದಲ್ಲಿ ಬಂದರು ಮಾಡಿ ಅಂತ ಮ್ಯಾಂಚೆಸ್ಟರ್‌ನವರು ಸರ್ಕಾರದ ಬೆನ್ನು ಬಿದ್ದಿದ್ದರು. ಗಂಡನಿಗೆ ಹೇಳಿದರೆ, "ಹಾಗಾದರೆ ನಮ್ಮಜ್ಜನಿಗೆ ಕೆಟ್ಟ ನೂಲು ಕಳಿಸಿದವರು ನಿಮ್ಮವರೇ" ಅಂದರು.

ಮುಂದಿನ ವರ್ಷಗಳ ಹಾಳೆಗಳಲ್ಲಿ ಜೋರಾಗಿ ಕಾಣುವುದು ಮಕ್ಕಳು. 1901ರಲ್ಲಿ ಅತ್ತೆಯ ಅಜ್ಜಿಗೆ 12 ವರ್ಷ, ಮುಂದೆ ಬರೆದದ್ದು "ಹಾಫ್ ಟೈಮರ್". ಅರ್ಧ ದಿನ ಮಿಲ್ಲು, ಅರ್ಧ ದಿನ ಶಾಲೆ. ಈ ಪದ್ಧತಿ 1844ರ ಕಾನೂನಿನಲ್ಲಿ 8 ವರ್ಷದಿಂದ ಶುರುವಾಗಿ, ವಯಸ್ಸು ನಿಧಾನವಾಗಿ ಏರುತ್ತ 1899ರಲ್ಲಿ 12ಕ್ಕೆ ಬಂದಿತ್ತು. ತೆಗೆದುಹಾಕಲು 1918ರ ಶಿಕ್ಷಣ ಕಾಯ್ದೆ ಬರಬೇಕಾಯಿತು. ನನ್ನ ಮಗಳಿಗೆ ಈಗ 13. ಆ ಹಾಳೆ ತೋರಿಸಿದಾಗ ಅವಳು ಕೇಳಿದ್ದು, "ಯಾವ ಅರ್ಧ ದಿನ? ಬೆಳಿಗ್ಗೆನಾ?"

ಈಗ ಹೆಂಗಸರ ವಿಷಯ. ಸೈಟನ್ನು ಎಷ್ಟು ಹೊಗಳಿದರೂ ಇಲ್ಲಿ ನಿಲ್ಲಬೇಕು. ಟ್ಯಾಕ್ಲರ್‌ನ ಹೆಂಡತಿ 1881ರಲ್ಲಿ, ಮದುವೆಗೆ ಮುಂಚೆ, ಹತ್ತಿ ನೇಕಾರಳು. 1891ರಲ್ಲಿ ಖಾಲಿ. 1901ರಲ್ಲಿ ಖಾಲಿ. 1911ರ ಫಾರಂ ಮನೆಯ ಯಜಮಾನನೇ ಕೈಯಾರೆ ತುಂಬಿದ್ದು, ಟ್ಯಾಕ್ಲರ್‌ನ ಅಕ್ಷರ ಮುದ್ದಾಗಿದೆ. ಮನೆಗೆಲಸ ಮಾತ್ರ ಮಾಡುವ ಹೆಂಡತಿ, ಹೆಣ್ಣುಮಕ್ಕಳ ಮುಂದೆ ಏನೂ ಬರೆಯಬೇಡಿ ಅಂತ ಆ ಫಾರಂ ಮೇಲೆ ಅಚ್ಚು ಹಾಕಿಸಿದ್ದರು. ಅವನೂ ಬರೆದಿಲ್ಲ. ಪಕ್ಕದಲ್ಲಿ ಮಾತ್ರ ಲೆಕ್ಕ ಸರಿಯಾಗಿದೆ: ಹುಟ್ಟಿದ ಮಕ್ಕಳು 9, ಬದುಕಿರುವವು 5, ಸತ್ತವು 4.

ಆ ನಾಲ್ಕರಲ್ಲಿ ಒಂದರ ಕಥೆ ಹಳೆಯ ಪತ್ರಿಕೆಯಲ್ಲಿ ಸಿಕ್ಕಿತು. 1901ರ ನವೆಂಬರ್. ಹತ್ತು ತಿಂಗಳ ಕೂಸು, ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವರ ಹತ್ತಿರ ಇದ್ದಾಗ ತೀರಿಕೊಂಡಿದೆ, ವಿಚಾರಣೆ ನಡೆದಿದೆ. ಆರೇಳು ಸಾಲಿನ ವರದಿ. ಅದರ ಮಧ್ಯೆ: "ತಾಯಿ ಮಿಲ್ಲಿನಲ್ಲಿದ್ದಳು." ಜನಗಣತಿಯವರು ಅವಳ ಮುಂದೆ ಖಾಲಿ ಬಿಟ್ಟು ಏಳೆಂಟು ತಿಂಗಳಾಗಿತ್ತು ಅಷ್ಟೇ.

ಅದಾದ ಮೇಲೆ ಖಾಲಿ ಕಾಲಂ ಕಂಡರೆ ನಂಬುವುದು ಬಿಟ್ಟೆ. ಮದುವೆ ಪತ್ರಗಳೂ ಅಷ್ಟೇ, ವಧು-ವರರ ಅಪ್ಪಂದಿರ ಹೆಸರು ಮತ್ತು ಕಸುಬು ಇರುತ್ತದೆ. ಅಮ್ಮಂದಿರಿಗೆ ಅಲ್ಲಿ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ!

1921ರ ಜನಗಣತಿ ನೂರು ವರ್ಷ ಮುಚ್ಚಿಟ್ಟು 2022ರ ಜನವರಿಯಲ್ಲಿ ಹೊರಬಂತು. ಒಂದು ಹಾಳೆಯ ಚಿತ್ರಕ್ಕೆ ಶುರುವಿನಲ್ಲಿ 3.50 ಪೌಂಡ್, ನನ್ನ ಚಂದಾದಲ್ಲಿ ಅದು ಸೇರಿರಲಿಲ್ಲ. ಬಯ್ದುಕೊಂಡೇ ಕೊಟ್ಟೆ. ಕೊಟ್ಟದ್ದಕ್ಕೆ ಮೋಸವಿಲ್ಲ, ಯಾಕೆಂದರೆ ಅದರಲ್ಲಿ ಯಾರ ಹತ್ತಿರ ಕೆಲಸ, ಎಲ್ಲಿ ಅಂತಲೂ ಬರೆಸಿದ್ದಾರೆ. ಆ ಹಾಫ್ ಟೈಮರ್ ಹುಡುಗಿ ಈಗ 33ರ ಹೆಂಗಸು, ಒಂದು ವರ್ಷದ ಕೂಸಿನ ತಾಯಿ, ಮತ್ತು ಕಾಲಂ ತುಂಬಿದೆ: ಹತ್ತಿ ನೇಕಾರಳು, ಮಿಲ್ಲಿನ ಹೆಸರು ಸಮೇತ. ಮಿಲ್ಲಿನ ಹೆಸರು ಸಿಕ್ಕರೆ ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ಸೈಟಿಗೆ ಹೋಗಿ, ಇಂಗ್ಲೆಂಡಿನ ಹಳೆಯ ಸರ್ವೆ ನಕ್ಷೆಗಳೂ ಅಲ್ಲಿ ಫ್ರೀ. ಮನೆಯಿಂದ ಮಿಲ್ಲಿಗೆ ಅವರು ನಡೆದ ದಾರಿಯನ್ನು ಬೆರಳಲ್ಲಿ ಅಳೆದೆ.

1931ರ ಜನಗಣತಿಯನ್ನು ಹುಡುಕಬೇಡಿ, 1942ರಲ್ಲಿ ಬೆಂಕಿಗೆ ಹೋಗಿದೆ. 1941ರಲ್ಲಿ ಯುದ್ಧ, ಎಣಿಕೆಯೇ ಆಗಲಿಲ್ಲ. ನಡುವೆ ಕೈಹಿಡಿಯುವುದು 1939ರ ಸೆಪ್ಟೆಂಬರ್ 29ರ ರಿಜಿಸ್ಟರ್, ಯುದ್ಧ ಶುರುವಾದಾಗ ಸರ್ಕಾರ ಮನೆಮನೆಯವರ ಹೆಸರು ಬರೆಸಿದ್ದು. ಆಮೇಲೆ ಆರೋಗ್ಯ ಸೇವೆಯವರು ಅದನ್ನೇ ಬಳಸಿದ್ದರಿಂದ, ಹುಡುಗಿಯರ ತವರಿನ ಅಡ್ಡಹೆಸರು ಹೊಡೆದು ಬೇರೆ ಶಾಯಿಯಲ್ಲಿ ಗಂಡನ ಮನೆಯ ಹೆಸರು ಬರೆದಿದ್ದಾರೆ. ಅತ್ತೆಯ ತಾಯಿ ಅಲ್ಲಿ 19ರ ನೇಕಾರಳು. ಡಿಎನ್‌ಎ ಟೆಸ್ಟ್ ಕಿಟ್ಟನ್ನೂ ಮಾರುತ್ತಾರೆ, ಗಂಡ ಮಾಡಿಸಿದರು. ಕಸುಬಿನ ವಿಷಯಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಕಂಪ್ಯೂಟರಿನ ಹೊರಗೆ ಹೋದದ್ದು ಒಂದೇ ಸಲ, ಬರ್ನ್ಲಿ ಪಕ್ಕದ ಹಾರ್ಲ್ ಸೈಕ್‌ನ ಕ್ವೀನ್ ಸ್ಟ್ರೀಟ್ ಮಿಲ್ಲಿಗೆ. 1894-95ರಲ್ಲಿ ಕಟ್ಟಿದ್ದು, ಈಗ ಮ್ಯೂಸಿಯಂ. ಹಬೆ ಎಂಜಿನ್ನಿನ ಹೆಸರು "ಪೀಸ್", ಶಾಂತಿ. ಅದರಿಂದ ಓಡುವ ಮಗ್ಗಗಳ ಸದ್ದಿಗೆ ಪಕ್ಕದವರ ಮಾತು ಕೇಳಲ್ಲ. ನೇಕಾರರು ತುಟಿ ನೋಡಿಯೇ ಮಾತಾಡುತ್ತಿದ್ದರಂತೆ. ನೂಲನ್ನು ಲಾಳಿಯ ತೂತಿನಿಂದ ಬಾಯಿಟ್ಟು ಹೀರಿ ಎಳೆಯುತ್ತಿದ್ದರು, ಅದಕ್ಕೆ ಲಾಳಿಗೆ ಮುತ್ತು ಕೊಡುವುದು ಅಂತ ಹೆಸರು. ಎಣ್ಣೆ, ಧೂಳು, ಬೇರೆಯವರ ಎಂಜಲು ಎಲ್ಲ ಬಾಯಿಗೆ. ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಲಾಳಿ ಅದೇನ ಐತಿ ಬಿಡವ್ವ" ಅಂದರು. ಅರ್ಧ ತಾಸು ಕಟ್ ಮಾಡಲು ಬಿಡಲಿಲ್ಲ.

ಲೆಕ್ಕಕ್ಕೆ ಬರೋಣ. ಸೈಟಿಗೆ ಐದಕ್ಕೆ ಮೂರೂವರೆ. ಮೂಲ ಹಾಳೆಗಳ ಚಿತ್ರಕ್ಕೆ ಪೂರ್ತಿ ಅಂಕ, ಟೈಪ್ ಮಾಡಿದ ಪಟ್ಟಿಗೆ ಅರ್ಧ, ಸೂಚನೆಗಳಿಗೆ ಸೊನ್ನೆ. ತಾನಾಗಿಯೇ ನವೀಕರಣವಾಗುವ ಚಂದಾ ಇನ್ನೊಂದು ಕಿರಿಕಿರಿ. ಎರಡು ವರ್ಷ ನನಗೆ ಗೊತ್ತಾಗದೆ ದುಡ್ಡು ಹೋಯಿತು, ರದ್ದು ಮಾಡುವ ಬಟನ್ ನಾಲ್ಕನೇ ಪುಟದಲ್ಲಿ ಅಡಗಿದೆ. ದುಡ್ಡು ಕೊಡುವ ಮುಂಚೆ ಫ್ರೀಬಿಎಂಡಿ, ಫ್ಯಾಮಿಲಿಸರ್ಚ್ ಮತ್ತು ಲ್ಯಾಂಕಾಶೈರ್‌ನವರಾದರೆ ಆನ್‌ಲೈನ್ ಪ್ಯಾರಿಶ್ ಕ್ಲರ್ಕ್ಸ್ ನೋಡಿ, ಮೂರೂ ಉಚಿತ. ನಿಮ್ಮ ಊರಿನ ಲೈಬ್ರರಿಯಲ್ಲೂ ಕೇಳಿ. ಎಷ್ಟೋ ಕಡೆ ಚಂದಾ ಸೈಟುಗಳನ್ನು ಅಲ್ಲೇ ಕೂತು ಸುಮ್ನೆ ಬಳಸಬಹುದು. ನನಗೆ ಇದು ಗೊತ್ತಾಗಿದ್ದು ಐದನೇ ವರ್ಷ.

ನನ್ನ ಚಂದಾ ಅಕ್ಟೋಬರ್‌ಗೆ ಮುಗಿಯುತ್ತದೆ, ಈ ಸಲ ರದ್ದು ಮಾಡಿಯಾಗಿದೆ. ಅಷ್ಟರೊಳಗೆ ಇಳಿಸಿಕೊಳ್ಳಬೇಕಾದ ಹಾಳೆಗಳು ಇನ್ನೂ 140 ಇವೆ. ಗಂಡನಿಗೆ ಹೇಳಿದ್ದೇನೆ, ನಿಮ್ಮ ಹಿರಿಯರು, ನೀವೇ ಇಳಿಸಿ.