ಎರಡನೇ ಪ್ರಶ್ನೆ ಕೇಳುವ ಜಾಗ: ವಿಜಯನಗರದ ಮಾಕ್ ಇಂಟರ್‌ವ್ಯೂ

ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದ್ದವರು ಬೆಂಗಳೂರು ವಿಜಯನಗರದ ಈ ಮಾಕ್ ಇಂಟರ್‌ವ್ಯೂಗೆ, ಅಂದರೆ ಅಭ್ಯಾಸಕ್ಕೆ ಮಾಡುವ ಅಣಕು ಸಂದರ್ಶನಕ್ಕೆ, ಒಮ್ಮೆ ಹೋಗಿಬನ್ನಿ. ಮಾರುತಿ ಮಂದಿರ ಬಸ್ ಸ್ಟಾಪ್ ಹತ್ತಿರದ ಅಡ್ಡರಸ್ತೆ, ಮೆಡಿಕಲ್ ಸ್ಟೋರ್ ಮೇಲಿನ ಎರಡನೇ ಮಹಡಿ. ಲಿಫ್ಟ್ ಇಲ್ಲ. ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಂಡು ರಿಟೈರ್ ಆದ ಸರ್ ಒಬ್ಬರು ನಡೆಸುತ್ತಾರೆ. ಮುಕ್ಕಾಲು ಗಂಟೆಗೆ ಆರುನೂರು ರೂಪಾಯಿ.

ನಾನು ಅರಸೀಕೆರೆಯಲ್ಲಿ ಬಿ.ಕಾಂ. ಮುಗಿಸಿ ಪೀಣ್ಯದ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದವಳು. ವೈಟ್‌ಫೀಲ್ಡ್ ಕಡೆಯ ಕಂಪನಿಯಿಂದ ಕರೆ ಬಂದಾಗ ಮೊದಲು ಬೇರೆ ಕೋಚಿಂಗ್‌ಗೆ ಸೇರಿದ್ದೆ. ಅಲ್ಲಿ ಜೆರಾಕ್ಸ್ ಉತ್ತರಗಳ ಕಟ್ಟು ಕೊಟ್ಟು ಬಾಯಿಪಾಠ ಮಾಡಿ ಅಂದರು. 'ನಿಮ್ಮ ಬಗ್ಗೆ ಹೇಳಿ' ಅನ್ನೋದಕ್ಕೂ ಇಡೀ ಬ್ಯಾಚಿಗೆ ಒಂದೇ ಉತ್ತರ! ಸುಮ್ನೆ ದುಡ್ಡು ದಂಡ.

ಇಲ್ಲಿ ಸರ್ ನನ್ನ ರೆಸ್ಯೂಮೆ ಹಿಡಿದು ಸಾಲು ಸಾಲಿಗೂ ಪ್ರಶ್ನೆ ಹಾಕಿದರು. ಒಂದು ಸಾಲು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ.

'ಟಿಡಿಎಸ್ ನೋಡ್ಕೊಳ್ತೀನಿ ಅಂತ ಬರ್ದಿದೀಯ. ಯಾವತ್ತಿಗೆ ಕಟ್ಬೇಕಮ್ಮ?'

'ಮುಂದಿನ ತಿಂಗಳ 7ರೊಳಗೆ ಸರ್.'

'ಮಾರ್ಚ್ ತಿಂಗಳದ್ದು?'

'ಏಪ್ರಿಲ್ 30.'

'ತಡ ಆದ್ರೆ?'

'ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ.'

'ಯಾವತ್ತಿನಿಂದ ಲೆಕ್ಕ?'

ಕಟ್ಟಬೇಕಿದ್ದ ದಿನದಿಂದ ಅಲ್ಲ, ಟಿಡಿಎಸ್ ಹಿಡಿದ ದಿನದಿಂದ. ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡ್ತಾರೆ. ಕೆಲಸ ಮಾಡಿದವರು ಯಾರು ಅಂತ ಗೊತ್ತಾಗೋದು ಇಂಥ ಕಡೆ. ನನ್ನ ನಿಜವಾದ ಇಂಟರ್‌ವ್ಯೂನಲ್ಲೂ ಜಿಎಸ್‌ಟಿ ವಿಷಯದಲ್ಲಿ ಹೀಗೇ ಒಂದರ ಹಿಂದೆ ಒಂದು ಬಂತು.

ಇನ್ನೊಂದು ಒಳ್ಳೆಯ ಕ್ರಮ ಇದೆ. ಪ್ರತಿ ಉತ್ತರವನ್ನೂ ಮೊದಲು ಕನ್ನಡದಲ್ಲಿ ಹೇಳಿಸ್ತಾರೆ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಎಷ್ಟು ದೊಡ್ಡ ಧೈರ್ಯ ಅಂತ ಹೇಳೋಕಾಗಲ್ಲ. ವಿಷಯ ಗಟ್ಟಿ ಇದೆ ಅಂತ ಮೊದಲು ನಮಗೇ ಗೊತ್ತಾಗುತ್ತೆ. ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪಕ್ಕದಲ್ಲೇ ಕೂತು ತೋರಿಸ್ತಾರೆ.

ಸಂಬಳದ ಮಾತನ್ನೂ ಬಿಡಲ್ಲ. ವರ್ಷಕ್ಕೆ 4.2 ಲಕ್ಷ ಸಿಟಿಸಿ (ಕಂಪನಿ ನಮಗಾಗಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 35 ಸಾವಿರ ಕೈಗೆ ಬರುತ್ತೆ ಅಂದುಕೊಳ್ಳುವವರು ಜಾಸ್ತಿ. ಸರ್ ಹಾಳೆಯ ಮೇಲೆ ಬಿಡಿಸಿದರು. ತಿಂಗಳ ಬೇಸಿಕ್, ಅಂದರೆ ಮೂಲ ವೇತನ, 17,500 ಅಂತ ಇಟ್ಟುಕೊಳ್ಳಿ. ಅದರ ಮೇಲೆ ಕಂಪನಿ ಕಟ್ಟುವ 12% ಪಿಎಫ್, ಕೆಲಸ ಬಿಡುವಾಗ ಕೊಡುವ ಗ್ರಾಚುಟಿಗೆ ಅಂತ 4.81%, ಎರಡೂ ಸಿಟಿಸಿಯ ಒಳಗೇ ಇರುತ್ತವೆ. ನಮ್ಮ ಪಾಲಿನ 12% ಬೇರೆ, ವೃತ್ತಿ ತೆರಿಗೆ 200 ರೂಪಾಯಿ ಬೇರೆ. ಎಲ್ಲ ಕಳೆದರೆ ಕೈಗೆ ಬರೋದು 29,750ರ ಆಸುಪಾಸು. ಎಚ್‌ಆರ್ 'ಎಷ್ಟು ನಿರೀಕ್ಷೆ ಇದೆ' ಅಂದಾಗ ನಾನು ಈ ಲೆಕ್ಕ ಇಟ್ಟುಕೊಂಡೇ ಮಾತಾಡಿದೆ. ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ ಒಪ್ಪಂದ ಆಯ್ತು, ಆದರೆ ತಿಳಿದೇ ಒಪ್ಪಿದ್ದು.

ಕೊರತೆಗಳೂ ಇವೆ. ಕಿಟಕಿ ರಸ್ತೆ ಕಡೆಗಿದೆ, ರೆಕಾರ್ಡಿಂಗ್ ತುಂಬ ಹಾರ್ನ್ ಸದ್ದು. ಹಿಂದಿನವರದು ಮುಗಿಯದಿದ್ದರೆ ಮೆಟ್ಟಿಲ ಮೇಲೇ ಕಾಯಬೇಕು, ಕುರ್ಚಿ ಇಲ್ಲ. ಸರ್ ಮಾತು ಸ್ವಲ್ಪ ಖಡಕ್. ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರಿಗೆ ಇಲ್ಲಿ ಏನೂ ಸಿಗಲ್ಲ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಸೋದೂ ಇಲ್ಲ. ಭಾನುವಾರ ಬೇಗ ತುಂಬಿಬಿಡುತ್ತೆ, ವಾರದ ದಿನ ಸಂಜೆ ಫೋನ್ ಮಾಡಿ ಹೋಗಿ. ರೆಸ್ಯೂಮೆಯ ಎರಡು ಪ್ರಿಂಟ್ ಜೊತೆಗಿರಲಿ, ಒಂದರ ಮೇಲೆ ಅವರು ಕೆಂಪು ಪೆನ್ನಿನಲ್ಲಿ ಬರೆದುಕೊಡ್ತಾರೆ.