ದಾಳಿಂಬೆ ತೋಟದ ಎಂಟು ವಾಲ್ವ್‌ಗಳು, ಒಂದು ರಿಲೇ ಬೋರ್ಡ್, ಮೂರು ಬ್ರೌಸರ್ ಪುಟಗಳು

ಕುಷ್ಟಗಿ ತಾಲೂಕಿನ ನಮ್ಮ ದಾಳಿಂಬೆ ತೋಟದಲ್ಲಿ ಹನಿ ನೀರಾವರಿಗೆ 24 ವೋಲ್ಟ್ ಎಸಿಯಲ್ಲಿ ನಡೆಯುವ ಎಂಟು ಸೊಲೆನಾಯ್ಡ್ (ವಿದ್ಯುತ್ ಕೊಟ್ಟರೆ ತೆರೆಯುವ) ವಾಲ್ವ್‌ಗಳಿವೆ. ಅವುಗಳನ್ನು ತೆರೆದು ಮುಚ್ಚುವ ಕೆಲಸವನ್ನು ಪಂಪ್‌ಹೌಸಿನಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆ ಜೋಡಿಸಿದ ಎಂಸಿಪಿ23017 ಚಿಪ್ಪಿನ ವಿಸ್ತರಣಾ ಬೋರ್ಡ್ ಮತ್ತು ಎಂಟು ಚಾನೆಲ್‌ಗಳ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬೋರ್ಡ್ ಸೇರಿ ಮಾಡುತ್ತವೆ. ಐ2ಸಿ ಎಂಬ ಸಂಪರ್ಕದ ಎರಡೇ ತಂತಿಗಳಿಂದ ಈ ಚಿಪ್, ಸಾಧನಗಳನ್ನು ಜೋಡಿಸಲು 16 ಪಿನ್‌ಗಳನ್ನು ಕೊಡುತ್ತದೆ. ವಿಳಾಸ ಬದಲಿಸಿ ಎಂಟು ಚಿಪ್‌ಗಳನ್ನು ಅದೇ ತಂತಿಗಳಿಗೆ ಸೇರಿಸಿದರೆ 128 ಪಿನ್‌ಗಳಾಗುತ್ತವೆ. ಬೋರ್ಡುಗಳನ್ನು ಬದಲಿಸದೆ, ವಾಲ್ವ್‌ಗಳನ್ನು ಫೋನಿನ ಬ್ರೌಸರ್ ಪುಟದಿಂದ ನಡೆಸಲು ನೆರವಾಗುವ ವೆಬ್‌ಐಒಪೈ, ಫ್ಲಾಸ್ಕ್ ಮತ್ತು ನೋಡ್-ರೆಡ್ ಎಂಬ ಮೂರು ತಂತ್ರಾಂಶಗಳನ್ನೂ ಸರದಿಯಂತೆ ಬಳಸಿ ನೋಡಿದೆ. ಫೋನಿನ ಪುಟ ಹೇಳುವುದೂ ತೋಟದಲ್ಲಿ ನಡೆಯುವುದೂ ಒಂದೇ ಆಗಿರುತ್ತದೆಯೇ ಎಂಬುದೇ ನನಗೆ ಮುಖ್ಯವಾಗಿತ್ತು.

ವೆಬ್‌ಐಒಪೈ ಬಹಳ ಬೇಗ ಕೆಲಸಕ್ಕೆ ಬಂತು. ಸಂರಚನಾ ಕಡತದಲ್ಲಿ ಚಿಪ್ಪಿನ ಹೆಸರು ಮತ್ತು ವಿಳಾಸವಿರುವ ಒಂದು ಸಾಲು ಬರೆದು, ಬ್ರೌಸರಿನಲ್ಲಿ 8000ನೇ ಪೋರ್ಟ್ ತೆರೆದರೆ ಸಾಕು. ಆದರೆ ಅದು ಹಳೆಯ ತಂತ್ರಾಂಶ. 40 ಪಿನ್‌ಗಳ ಪೈಗೆ ಪ್ಯಾಚ್ ಹಾಕದೆ ಸರಿಹೋಗುವುದಿಲ್ಲವಾದ್ದರಿಂದ ನನ್ನ ಬಳಿಯಿದ್ದ 26 ಪಿನ್‌ಗಳ ಹಳೆಯ ಪೈಯಲ್ಲೇ ಅದನ್ನು ನಡೆಸಿದೆ. ವೈರಿಂಗ್ ಪರೀಕ್ಷಿಸಲು ಇದು ಚೆನ್ನಾಗಿದೆ, ದಿನನಿತ್ಯದ ಬಳಕೆಗೆ ಸಾಲದು.

ಫ್ಲಾಸ್ಕ್‌ನಲ್ಲಿ ಪುಟವನ್ನು ನಾನೇ ಬರೆದೆ: ಎಂಟು ದೊಡ್ಡ ಗುಂಡಿಗಳು, ಪ್ರತಿಯೊಂದರ ಮೇಲೂ ಅದು ಯಾವ ಸಾಲಿನ ಗಿಡಗಳಿಗೆ ಸೇರಿದ್ದೆಂಬ ಕನ್ನಡದ ಹೆಸರು. ಮೊದಲ ಬಾರಿ ಬರೆದಾಗ ಪ್ರತಿ ಗುಂಡಿಯನ್ನೂ ಸಾಮಾನ್ಯ ಲಿಂಕ್ ಆಗಿಯೇ ಮಾಡಿದ್ದೆ. ಒಂದು ಸಂಜೆ ಮೂರನೇ ವಾಲ್ವ್ ಮುಚ್ಚಿ ಮನೆಗೆ ಬಂದ ಮೇಲೆ ಅಪ್ಪ ತೋಟದಿಂದ ಫೋನ್ ಮಾಡಿ, "ತಮ್ಮಾ, ಮೂರನೇದು ಮುಚ್ಚೀನಿ ಅಂದಿ, ಗಿಡದ ಬುಡಕ್ಕ ನೀರು ಹೊಂಟೈತಿ" ಎಂದರು. ಬೆಳಿಗ್ಗೆ ಅವರು ತಮ್ಮ ಫೋನಿನಲ್ಲಿ ವಾಲ್ವ್ ತೆರೆದಿದ್ದ ಪುಟ ಹಾಗೆಯೇ ಉಳಿದಿತ್ತು. ಸಂಜೆ ಬ್ರೌಸರ್ ತೆರೆದೊಡನೆ ಅದು ಅದೇ ವಿಳಾಸವನ್ನು ಮತ್ತೊಮ್ಮೆ ಕೇಳಿ, ವಾಲ್ವನ್ನು ಮತ್ತೆ ತೆರೆದಿತ್ತು. ಯಂತ್ರವನ್ನು ಚಲಾಯಿಸುವ ಆದೇಶ ಗೆಟ್ ವಿನಂತಿಯಲ್ಲಿ (ಲಿಂಕ್ ಅಥವಾ ಪುಟ ತೆರೆಯುವಾಗ ಬ್ರೌಸರ್ ಕಳುಹಿಸುವ ವಿನಂತಿ) ಇರಲೇಬಾರದು. ಪೋಸ್ಟ್‌ನಲ್ಲಿ (ಮಾಹಿತಿ ಸಲ್ಲಿಸುವ ವಿನಂತಿ) ಕಳುಹಿಸಿ, ನಂತರ ಸ್ಥಿತಿ ತೋರಿಸುವ ಪುಟಕ್ಕೆ ಮರಳಿಸಬೇಕು. ಹಾಗೆ ತಿದ್ದಿದ ಮೇಲೆ ಈ ತೊಂದರೆ ಮರುಕಳಿಸಲಿಲ್ಲ.

ಕರೆಂಟ್ ಹೋಗಿ ಬಂದಾಗ ಇನ್ನೊಂದು ದೋಷ ಕಾಣಿಸಿತು. ನಮ್ಮ ರಿಲೇ ಬೋರ್ಡಿನಲ್ಲಿ ಪಿನ್ ಸೊನ್ನೆಗೆ ಇಳಿದರೆ ರಿಲೇ ಎಳೆದು (ಆನ್ ಆಗಿ) ವಾಲ್ವ್ ತೆರೆಯುತ್ತದೆ. ಚಿಪ್ಪಿಗೆ ವಿದ್ಯುತ್ ಬಂದಾಗ ಅದರ ಎಲ್ಲ ಪಿನ್‌ಗಳೂ ಇನ್‌ಪುಟ್ ಆಗಿರುವುದರಿಂದ ರಿಲೇಗಳು ಸುಮ್ಮನಿರುತ್ತವೆ, ಆದರೆ ಒಳಗಿನ ಔಟ್‌ಪುಟ್ ಲ್ಯಾಚ್‌ನಲ್ಲಿ (ಪಿನ್‌ಗಳಿಗೆ ಕೊಡಬೇಕಾದ ಬೆಲೆಯನ್ನು ಹಿಡಿದಿಡುವ ಜಾಗ) ಸೊನ್ನೆಗಳೇ ಇರುವುದರಿಂದ, ಪಿನ್‌ಗಳನ್ನು ಔಟ್‌ಪುಟ್ ಎಂದು ಘೋಷಿಸಿದ ಕ್ಷಣವೇ ಎಂಟೂ ರಿಲೇಗಳು ಟಕ್ಕೆಂದು ಎಳೆದು ಎಂಟೂ ಕೆಂಪು ದೀಪಗಳು ಹೊತ್ತಿಕೊಂಡವು. ಮೊದಲು ಲ್ಯಾಚ್‌ಗೆ ಎಲ್ಲ ಒಂದುಗಳನ್ನು ಬರೆದು, ಆಮೇಲೆ ಪಿನ್‌ಗಳ ದಿಕ್ಕನ್ನು ಔಟ್‌ಪುಟ್‌ಗೆ ಬದಲಿಸಬೇಕು. ಫ್ಲಾಸ್ಕ್‌ನಲ್ಲಿ ಈ ಕ್ರಮ ಪೂರ್ತಿ ನನ್ನ ಕೈಯಲ್ಲಿತ್ತು.

ಕೊನೆಗೆ ಉಳಿಸಿಕೊಂಡದ್ದು 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ ನೋಡ್-ರೆಡ್ ಅನ್ನು. ನಾನು ಒಂದು ಸ್ವಿಚ್ ಒತ್ತಿದರೆ ಅಪ್ಪನ ಫೋನಿನಲ್ಲೂ ಅದು ಆಗಲೇ ಬದಲಾಗುತ್ತದೆ. ವೈಫೈ ಕಡಿದರೆ ಸಂಪರ್ಕ ತಪ್ಪಿದೆ ಎಂದು ಪುಟವೇ ಹೇಳುತ್ತದೆ. ಫ್ಲಾಸ್ಕ್‌ನಲ್ಲಿ ಇಷ್ಟನ್ನು ಬರೆಯಲು ನನಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಹಳೆಯ ಪೈಯಲ್ಲಿ ಅದು ಏಳಲು ತುಂಬ ಹೊತ್ತು ಹಿಡಿಯಿತು, ಆದ್ದರಿಂದ ಹೊಸದಕ್ಕೆ ಬದಲಾಯಿಸಿದೆ. 1880ನೇ ಪೋರ್ಟಿನಲ್ಲಿರುವ, ನೋಡ್-ರೆಡ್‌ನ ಕೆಲಸಗಳನ್ನು ಜೋಡಿಸುವ ಸಂಪಾದಕಕ್ಕೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ. ಅದನ್ನು ಮೊದಲ ದಿನವೇ ಹಾಕಿಕೊಳ್ಳಬೇಕು. ಲ್ಯಾಚ್‌ನ ಕ್ರಮಕ್ಕಾಗಿ, ನೋಡ್-ರೆಡ್ ಏಳುವ ಮೊದಲೇ ಓಡುವ ಪುಟ್ಟ ಪೈಥಾನ್ ಕಡತವೊಂದನ್ನು ಇಟ್ಟಿದ್ದೇನೆ. ಪೈ ಮಾತ್ರ ರೀಬೂಟ್ ಆಗಿ ಬೋರ್ಡಿನ ವಿದ್ಯುತ್ ಉಳಿದಿದ್ದರೆ ಚಿಪ್ ಹಿಂದಿನ ಸ್ಥಿತಿಯನ್ನೇ ಹಿಡಿದುಕೊಂಡಿರುತ್ತದೆ. ಆಗಲೂ ಎಲ್ಲ ವಾಲ್ವ್‌ಗಳನ್ನು ಮುಚ್ಚುವುದು ಅದೇ ಕಡತ.

ಸ್ವಿಚ್ಚಿನ ಬಣ್ಣವನ್ನು ಈಗ ಒತ್ತಿದ ಬೆರಳು ನಿರ್ಧರಿಸುವುದಿಲ್ಲ, ಚಿಪ್ಪಿನಿಂದ ಮರಳಿ ಓದಿದ ಪಿನ್ ನಿರ್ಧರಿಸುತ್ತದೆ. ಆದರೂ ಪಿನ್ ಬದಲಾದ ಮಾತ್ರಕ್ಕೆ ನೀರು ಹರಿಯಿತೆಂದು ಹೇಳಲಾಗದು. ಅದಕ್ಕಾಗಿ ಚಿಪ್ಪಿನಲ್ಲಿ ಉಳಿದಿದ್ದ ಎಂಟು ಪಿನ್‌ಗಳಲ್ಲಿ ಒಂದಕ್ಕೆ ಮುಖ್ಯ ಪೈಪಿನ ಪ್ರೆಶರ್ ಸ್ವಿಚ್ ಜೋಡಿಸಿದ್ದೇನೆ. ವಾಲ್ವ್ ತೆರೆದು ಒಂದು ನಿಮಿಷವಾದರೂ ಒತ್ತಡ ಏರದಿದ್ದರೆ ಪುಟದ ಮೇಲ್ಭಾಗ ಕೆಂಪಾಗುತ್ತದೆ.